ಕಾಡಿನಲ್ಲಿ ನೆಂಟ ಯಾರು, ಮನೆಯವ ಯಾರು?

ಕನ್ನಡದಲ್ಲಿ ಪ್ರವಾಸ ಕಥನಗಳಿಗೆ ಬರಗಾಲ ಬಂದದ್ದೇ ಇಲ್ಲ. ಅಮೆರಿಕಕ್ಕೆ ಹೋಗಿ ಬಂದವರಲ್ಲಿ ಬರೆಯದೆ ಬಿಟ್ಟವರು ಕಡಿಮೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಅಮೆರಿಕದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಆಮೇಲೆ ಮೈಸೂರಿನ ಎಷ್ಟೋ ಮಂದಿ ಆ ದಾರಿ ಹಿಡಿದರು. ಚಳಿಗಾಲದ ಒಂದು ಶನಿವಾರ ಶಿಕಾಗೊಕ್ಕೋ ಮಿನಿಯಾಪೊಲಿಸ್‌ಗೋ ಗೆಳೆಯನ ಮನೆಗೆ ಹೋದದ್ದು, ಕಿಟಕಿಯಾಚೆ ಹಿಮ ಬಿದ್ದದ್ದು, ಗೆಳೆಯನ ಹೆಂಡತಿ ಬಿಸಿಬೇಳೆ ಬಾತ್ ಬಡಿಸಿದ್ದು, ಭಾನುವಾರ ರಾತ್ರಿ ವಾಪಸು ಬಂದದ್ದು. ಇದಕ್ಕೆ ನಮ್ಮ ತಕರಾರೇನೂ ಇಲ್ಲ. ಗೆಳೆಯನ ಮನೆಗೆ ಹೋಗುವುದು, ಅವನು ಇಟ್ಟದ್ದನ್ನು ಉಂಡು ಅವನ ಚಾಪೆಯಲ್ಲಿ ಮಲಗೆದ್ದು ಬರುವುದು ಮನುಷ್ಯ ಮಾಡುವ ಒಳ್ಳೆಯ ಕೆಲಸಗಳಲ್ಲಿ ಒಂದು.

ನಮ್ಮ ಪ್ರಶ್ನೆ ಬೇರೆ. ಅದೇ ಚಳಿಗಾಲದ ಅದೇ ಶನಿವಾರ ಹುಣಸೂರಿನಿಂದ ಹೊರಟು ಎಚ್.ಡಿ. ಕೋಟೆಯ ಒಂದು ಹಾಡಿಯಲ್ಲಿರುವ ಗೆಳೆಯನ ಮನೆಗೆ ಹೋಗಿ ಬಂದವನ ಪ್ರವಾಸ ಕಥನ ಎಲ್ಲಿದೆ? ಯಾಕೆ ಯಾರೂ ಬರೆಯಲಿಲ್ಲ? ದಾರಿ ಹತ್ತಿರ ಅಂತಲೇ? ಹತ್ತಿರವೇನೂ ಅಲ್ಲ, ಗೆಳೆಯರೇ. ಶಿಕಾಗೊದ ದಾರಿಗೆ ಒಂದು ವೀಸಾ ಸಾಕು. ಈ ದಾರಿಯಲ್ಲಿ ಗೇಟಿದೆ, ಗೇಟಿನಲ್ಲಿ ಗಾರ್ಡಿದ್ದಾನೆ, ಗಾರ್ಡಿನ ಕೈಯಲ್ಲಿ ಪುಸ್ತಕವಿದೆ. 'ಯಾರಪ್ಪಾ ನೀನು? ಯಾರ ಮನೆಗೆ? ಏನು ಕೆಲಸ? ಯಾವಾಗ ವಾಪಸು?' ತನ್ನ ನೆಂಟನ ಮನೆಗೆ ಹೋಗೋಕೆ ಮೂರನೆಯವನಿಗೆ ಲೆಕ್ಕ ಒಪ್ಪಿಸಬೇಕಾದ ಮನುಷ್ಯನನ್ನು ಸ್ವತಂತ್ರ ದೇಶದ ಪ್ರಜೆ ಅನ್ನುತ್ತಾರೋ, ಜಾಮೀನಿನ ಮೇಲೆ ಹೊರಗಿರುವ ಕೈದಿ ಅನ್ನುತ್ತಾರೋ, ಓದಿದ ನೀವೇ ಹೇಳಿ.

ಡಿಸೆಂಬರ್, ಜನವರಿಯ ಯಾವ ಶನಿವಾರವಾದರೂ ಸರಿ, ಬೆಳಗಿನ ಜಾವ ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆಯ ಕಾಡಂಚಿನ ರಸ್ತೆಯಲ್ಲಿ ನಿಂತು ನೋಡಿ. ಮಂಜು ಇನ್ನೂ ಕರಗಿರುವುದಿಲ್ಲ. ಆ ಮಂಜಿನಲ್ಲಿ ಎರಡು ಥರದ ಜೀಪು ಓಡಾಡುತ್ತವೆ.

ಒಂದು ಜೀಪು ಕೊಡಗಿನ ಕಡೆಗೆ. ಕಾಫಿ ಹಣ್ಣಾಗುವ ಕಾಲ ಇದು. ಹಾಡಿಯ ಹೆಂಗಸರು, ಗಂಡಸರು, ಶಾಲೆ ಬಿಟ್ಟ ಹುಡುಗರು, ಊರಿನ ಹೊಲಗೇರಿಯ ಕೂಲಿಯವರು, ಎಲ್ಲರೂ ಒಬ್ಬರ ತೊಡೆ ಮೇಲೆ ಒಬ್ಬರು ಕೂತು, ಹಿಂದೆ ಜೋತುಬಿದ್ದು ಹೋಗುತ್ತಾರೆ. ಈ ಜೀಪಿನಲ್ಲಿ ಎಷ್ಟು ತಲೆ ಇದೆ ಎಂದು ಎಣಿಸುವವರು ಇಬ್ಬರೇ, ಮೇಸ್ತ್ರಿ ಮತ್ತು ಯಮ. ಇನ್ನೊಂದು ಜೀಪು ಕಾಡಿನ ಕಡೆಗೆ. ಹಸಿರು ಬಣ್ಣ, ಮೇಲೆ ತೆರೆದ ಚಾವಣಿ, ಒಬ್ಬೊಬ್ಬರಿಗೂ ಒಂದೊಂದು ಸೀಟು, ಹೆಗಲಿಗೆ ಉಣ್ಣೆ ಕಂಬಳಿ, ಕೊರಳಿಗೆ ಮೊಳದುದ್ದದ ಕ್ಯಾಮೆರಾ. ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟು ಬಂದು ಕಬಿನಿ ಹಿನ್ನೀರಿನ ದಂಡೆಯಲ್ಲಿ ಮಲಗೆದ್ದವರು. ಅವರಲ್ಲಿ ಕೆಲವರು ಶಿಕಾಗೊ, ಡೆಟ್ರಾಯಿಟ್, ಮಿನಿಯಾಪೊಲಿಸ್‌ನಿಂದ ಕ್ರಿಸ್‌ಮಸ್ ರಜೆಗೆ ಬಂದ ನಮ್ಮ ಮೈಸೂರಿನ ಮಕ್ಕಳೇ. ಅಲ್ಲಿಯ ಹಿಮ ತಪ್ಪಿಸಿಕೊಂಡು ಇಲ್ಲಿಯ ಗೆಳೆಯನ ಜೊತೆ ಒಂದು ವೀಕೆಂಡು.

ಎರಡೂ ಜೀಪಿನವರು ಮುಖಾಮುಖಿ ದಾಟಿಹೋಗುತ್ತಾರೆ. ಹಸಿರು ಜೀಪಿನವರನ್ನು ಇಲಾಖೆಯ ಭಾಷೆಯಲ್ಲಿ 'ಅತಿಥಿಗಳು' ಅನ್ನುತ್ತಾರೆ. ಕೊಡಗಿನ ಜೀಪಿನಲ್ಲಿ ಕೂತವಳು ಆ ಕಾಡಿನ ಒಳಗೆ ಹುಟ್ಟಿದವಳು. ಅವಳ ಅಜ್ಜಿಯನ್ನು ಹೂತದ್ದು ಅಲ್ಲಿ. ಅವಳ ದೇವರು ಇರುವುದು ಅಲ್ಲಿ. ಅವಳು ಒಳಗೆ ಕಾಲಿಟ್ಟರೆ ಅದಕ್ಕೆ ಇಲಾಖೆಯ ಭಾಷೆಯಲ್ಲಿ ಇರುವ ಪದ 'ಅಕ್ರಮ ಪ್ರವೇಶ'. ಇಷ್ಟೇ ನಮ್ಮ ವಾದ. ಜೇನು ಕುರುಬರಿಂದ, ಬೆಟ್ಟ ಕುರುಬರಿಂದ, ಯರವರಿಂದ, ಸೋಲಿಗರಿಂದ ಕಿತ್ತುಕೊಂಡದ್ದು ಬರೀ ನೆಲವಲ್ಲ. ಮನೆಯವ ಎಂಬ ಸ್ಥಾನವನ್ನೇ ಕಿತ್ತುಕೊಂಡರು. 'ಬಾ' ಅನ್ನುವ ಹಕ್ಕನ್ನೇ ಕಿತ್ತುಕೊಂಡರು. ನೆಂಟನನ್ನು ಕರೆಯಲಾರದವನಿಗೆ ಮನೆ ಇದೆ ಎಂದು ಯಾವ ಬಾಯಲ್ಲಿ ಹೇಳುತ್ತೀರಿ?

ಈ ಕಾಡಿಗೆ ದೊಡ್ಡವರು ಚಳಿಗಾಲದ ನೆಂಟರಾಗಿ ಬರುವುದು ಹೊಸದಲ್ಲ. 1906ರ ಚಳಿಗಾಲದಲ್ಲಿ ಇಂಗ್ಲೆಂಡಿನ ಯುವರಾಜ, ಮುಂದೆ ಐದನೇ ಜಾರ್ಜ್ ಆದವನು, ಮೈಸೂರು ಮಹಾರಾಜರ ಅತಿಥಿಯಾಗಿ ಕಾರಾಪುರದ ಬಿಡಾರಕ್ಕೆ ಬಂದ. ಅವನಿಗೆ ತೋರಿಸಿದ್ದು ಖೆಡ್ಡಾ. 1922ರ ಜನವರಿಯಲ್ಲಿ ಅವನ ಮಗನ ಸರದಿ. ಆಗ ದೇಶದ ಊರೂರಿನಲ್ಲಿ ಅಸಹಕಾರ ಚಳವಳಿಯವರು ಆ ರಾಜಕುಮಾರನ ಭೇಟಿಯನ್ನು ಬಹಿಷ್ಕರಿಸುತ್ತಿದ್ದರು, ಕಾಕನಕೋಟೆಯ ಕಾಡಿನಲ್ಲಿ ಅವನಿಗೆ ಆನೆ ಹಿಡಿಯುವ ಆಟ ತೋರಿಸಲಾಗುತ್ತಿತ್ತು. ಆಟ ಆಡಿಸಿದವರು ಯಾರು? ಆನೆಯ ಹೆಜ್ಜೆ ಹಿಡಿದು ವಾರಗಟ್ಟಲೆ ಕಾಡಿನಲ್ಲಿ ಅಲೆದವರು, ತಮಟೆ ಬಡಿದು, ಬೆಂಕಿ ಹಚ್ಚಿ, ಹಿಂಡನ್ನು ಹೊಳೆ ದಾಟಿಸಿ ಬೇಲಿಗೆ ತುಂಬಿದವರು, ಹಿಡಿದ ಆನೆಯ ಕಾಲಿಗೆ ಹಗ್ಗ ಬಿಗಿದವರು ಕುರುಬರು. ಮೇಲಿನ ಅಟ್ಟಣಿಗೆಯಲ್ಲಿ ದುರ್ಬೀನು ಹಿಡಿದು ಕೂತವರು ಅತಿಥಿಗಳು. ಇತಿಹಾಸದ ಪುಸ್ತಕದಲ್ಲಿ ಅಟ್ಟಣಿಗೆಯ ಮೇಲಿದ್ದವರೆಲ್ಲರ ಹೆಸರು ಸಿಗುತ್ತದೆ. ಕೆಳಗಿದ್ದವರದ್ದು ಒಂದೂ ಇಲ್ಲ. ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ, ಅಂದರೆ ಸ್ವಾತಂತ್ರ್ಯ ಬಂದು 24 ವರ್ಷವಾದ ಮೇಲೆ. ರಾಜ ಹೋದ, ಅಟ್ಟಣಿಗೆ ಹೋಗಲಿಲ್ಲ.

ಮುಂದಿನ ವರ್ಷಗಳನ್ನು ಸ್ವಲ್ಪ ನಿಧಾನವಾಗಿ ಓದಿಕೊಳ್ಳಿ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬೇಟೆ ನಿಂತಿತು, ಒಳ್ಳೆಯದಾಯಿತು. ಆದರೆ ನೂರಾರು ವರ್ಷ ಕೋವಿಯಿಂದ ಹುಲಿ ಹೊಡೆದವನೂ, ಗೆಡ್ಡೆ ಅಗೆದು ಜೇನು ಇಳಿಸಿ ಬದುಕಿದವನೂ ಒಂದೇ ಕಾಯ್ದೆಯ ಮುಂದೆ ನಿಂತಾಗ ಅಪರಾಧಿಯಾದವನು ಎರಡನೆಯವನು. ಮೊದಲನೆಯವನು ವನ್ಯಜೀವಿ ತಜ್ಞನಾದ. 1974ರಲ್ಲಿ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಹೊಳೆದಂಡೆಯ ಊರುಗಳು, ಹಾಡಿಗಳು, ಗದ್ದೆಗಳು ಮುಳುಗಿದವು. ಅದೇ 1974ರಲ್ಲಿ ಭೂಸುಧಾರಣೆ ಜಾರಿಯಾಯಿತು. ಅದನ್ನು ತಂದ ದೇವರಾಜ ಅರಸರು ಇದೇ ಹುಣಸೂರಿನವರು, ಕಲ್ಲಹಳ್ಳಿಯವರು. ಗೇಣಿದಾರನಿಗೆ ನೆಲ ಸಿಕ್ಕಿತು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗೇಣಿ ಚೀಟಿಯೂ ಇಲ್ಲದ, ಪಹಣಿಯಲ್ಲಿ ಹೆಸರೂ ಇಲ್ಲದ ಹಾಡಿಯವನು ಯಾವ ನ್ಯಾಯಮಂಡಳಿಯ ಮುಂದೆ ಹೋಗಿ ಅರ್ಜಿ ಕೊಡಬೇಕಿತ್ತು? ಉಳುವವನಿಗೆ ಭೂಮಿ ಬಂದ ದಿನವೂ ಕಾಡಿನವನಿಗೆ ಕಾಡು ಬರಲಿಲ್ಲ. 1980ರಲ್ಲಿ ಸರ್ಕಾರವೇ ಜಂಗಲ್ ಲಾಡ್ಜಸ್ ಎಂಬ ಕಂಪನಿ ಮಾಡಿತು. ಕಾರಾಪುರದ ಹಳೆಯ ರಾಜವೈಭವದ ಬಂಗಲೆಗಳು ಸುಣ್ಣ ಬಣ್ಣ ಕಂಡವು. ಮುಳುಗಡೆಯ ನೀರೇ ಅತಿಥಿಗಳಿಗೆ ನೋಟವಾಯಿತು. ದೋಣಿಯಲ್ಲಿ ಕೂತು ಸೂರ್ಯಾಸ್ತದ ಫೋಟೋ ತೆಗೆಯುವವರೇ, ನಿಮ್ಮ ದೋಣಿಯ ಕೆಳಗೆ ಯಾರದೋ ಒಲೆ ಇದೆ, ಯಾರದೋ ಅಂಗಳ ಇದೆ.

ಹೀಗೆ ಒಂದು ಕಡೆ ಅತಿಥಿಗಳಿಗೆ ಬಾಗಿಲು ತೆರೆಯುತ್ತಾ ಹೋದರು, ಇನ್ನೊಂದು ಕಡೆ ಮನೆಯವರನ್ನು ಹೊರಗೆ ಹಾಕುತ್ತಾ ಹೋದರು. 1955ರಲ್ಲಿ ಅಭಯಾರಣ್ಯವಾಗಿದ್ದ ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು, ಆಮೇಲೆ ಹುಲಿ ಯೋಜನೆಗೆ ಸೇರಿತು. ಬೋರ್ಡು ದೊಡ್ಡದಾದಷ್ಟೂ ಹಾಡಿ ಸಣ್ಣದಾಯಿತು. ಹೈಕೋರ್ಟು ನೇಮಿಸಿದ, ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ನಾಗರಹೊಳೆಯಿಂದ ಒಕ್ಕಲೆದ್ದ ಆದಿವಾಸಿ ಕುಟುಂಬಗಳ ಲೆಕ್ಕ ಇದೆ: 3,418. ಕುಟುಂಬ ಎಂದರೆ ಒಂದು ತಲೆಯಲ್ಲ, ಒಂದು ಒಲೆ. ಮೂರು ಸಾವಿರದ ನಾನೂರ ಹದಿನೆಂಟು ಒಲೆಗಳು ಆರಿದವು. ಇದು ಚಳವಳಿಗಾರರ ಭಾಷಣದ ಅಂಕಿಯಲ್ಲ ಸ್ವಾಮಿ, ನ್ಯಾಯಾಲಯದ ಮುಂದಿರುವ ಅಂಕಿ.

'ಅವರಿಗೆ ನಾಗಾಪುರದಲ್ಲಿ ಮನೆ ಕೊಟ್ಟಿದ್ದೀವಲ್ಲ' ಅನ್ನುತ್ತಾರೆ. ಸರಿ, ಅದನ್ನೇ ನೋಡೋಣ. ವಿಶ್ವಬ್ಯಾಂಕಿನ ಸಾಲದಲ್ಲಿ ನಡೆದ ಪರಿಸರ ಅಭಿವೃದ್ಧಿ ಯೋಜನೆಯಲ್ಲಿ ನಾಗರಹೊಳೆಯೂ ಒಂದು. ಆ ಕಾಲದಲ್ಲಿ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯ ಪಕ್ಕ ನಾಗಾಪುರದಲ್ಲಿ ಸಾಲು ಮನೆ ಕಟ್ಟಿ, ತುಂಡು ನೆಲ ಕೊಟ್ಟು ಕೂರಿಸಿದರು. ಚದುರಿ ಹರಡಿ ನೆಂಟರ ಗುಂಪುಗಳಲ್ಲಿ ಬದುಕಿದ್ದವರನ್ನು ಬ್ಲಾಕುಗಳಾಗಿ ವಿಂಗಡಿಸಿ, ಮನೆಗೆ ನಂಬರು ಬರೆದರು. ಹಾಡಿಗೆ ಹೆಸರಿತ್ತು, ಬ್ಲಾಕಿಗೆ ನಂಬರು. ಮಳೆ ನಂಬಿ ಉಳುಮೆ ಮಾಡಲು ಎತ್ತಿಲ್ಲದವರ ನೆಲ ಎಲ್ಲಿಗೆ ಹೋಗುತ್ತದೆ ಎಂದು ಪಿರಿಯಾಪಟ್ಟಣ, ಹುಣಸೂರಿನ ರೈತರಿಗೆ ಹೇಳಿಕೊಡಬೇಕಿಲ್ಲ. ಕೈಸಾಲಕ್ಕೆ ಭೋಗ್ಯ, ಭೋಗ್ಯದ ನೆಲದಲ್ಲಿ ಬೇರೆಯವರ ಹೊಗೆಸೊಪ್ಪು, ಆ ಹೊಗೆಸೊಪ್ಪಿನ ಕೂಲಿಗೆ ನೆಲದ ಒಡೆಯನೇ! ಚಳಿಗಾಲ ಬಂದರೆ ಅದೂ ಇಲ್ಲ, ಕೊಡಗಿನ ಜೀಪು ಹತ್ತಬೇಕು.

ಕೊಡಗಿಗೆ ಹೋದರೆ ಏನು? ಲೈನ್ ಮನೆ. ತಿಂಗಳುಗಟ್ಟಲೆ ಅಲ್ಲೇ ಉಳಿದವರ ಮನೆಗೆ ಅಣ್ಣ ತಮ್ಮ ಯಾರಾದರೂ ನೋಡಲು ಹೋದರೆ ತೋಟದ ಗೇಟಿನಲ್ಲಿ ರೈಟರನ ವಿಚಾರಣೆ. 'ಯಾರು ನೀನು? ಇವರನ್ನ ಕರೆದುಕೊಂಡು ಹೋಗೋಕೆ ಬಂದಿದ್ದೀಯಾ? ಮುಂಗಡ ತೀರಿಸಿ ಆಮೇಲೆ ಕರಕೊಂಡು ಹೋಗು.' ಹೀಗಾಗಿ ಹಾಡಿಯವನಿಗೆ ಕಾಡಿನ ಒಳಗೂ ಗೇಟು, ಕಾಡಿನ ಹೊರಗೂ ಗೇಟು. ಒಂದರ ಬೀಗದ ಕೈ ಇಲಾಖೆಯ ಕೈಯಲ್ಲಿ, ಇನ್ನೊಂದರದು ಸಾಹುಕಾರನ ಕೈಯಲ್ಲಿ. ನಡುವೆ ಕತ್ತಲಾದರೆ ರಸ್ತೆಯೂ ಮುಚ್ಚುತ್ತದೆ. ಕಾಕನಕೋಟೆ ಕಾಡಿನೊಳಗೆ ಮಾನಂದವಾಡಿಗೆ ಹೋಗುವ ದಾರಿಯಲ್ಲಿ 2008ರಿಂದ ರಾತ್ರಿ ವಾಹನ ಸಂಚಾರ ನಿಷೇಧಿಸಿದರು. ಪ್ರಾಣಿಗಳು ಚಕ್ರಕ್ಕೆ ಸಿಕ್ಕಿ ಸಾಯಬಾರದು, ಒಪ್ಪೋಣ. ಆದರೆ ರಾತ್ರಿ ಬಸುರಿಗೆ ನೋವು ಬಂದಾಗ, ಸಂಬಂಧಿಕನ ಸಾವಿನ ಸುದ್ದಿ ಬಂದಾಗ ಹಾಡಿಯವನ ದಾರಿ ಯಾವುದು ಎಂದು ಆದೇಶ ಬರೆದವರಿಗೆ ಮೊದಲು ಹೊಳೆಯುವುದಿಲ್ಲವಲ್ಲ, ನಮ್ಮ ಸಿಟ್ಟು ಅಲ್ಲಿದೆ.

ಇನ್ನು ಸರ್ಕಾರ ಇವರನ್ನು ಕರೆಯುವ ಸಂದರ್ಭವೂ ಒಂದಿದೆ. ಅದು ದಸರಾ. ವರ್ಷವರ್ಷವೂ ವೀರನಹೊಸಹಳ್ಳಿಯಲ್ಲಿ ಗಜಪಯಣ. ಮಂತ್ರಿಗಳು ಬರುತ್ತಾರೆ, ಪುರೋಹಿತರು ಬರುತ್ತಾರೆ, ಆನೆಗಳಿಗೆ ಪೂಜೆ, ಕಬ್ಬು, ಬೆಲ್ಲ. ಆನೆ ಅತಿಥಿ. ಆನೆಯ ಜೊತೆ ಮಾವುತ, ಕಾವಾಡಿ ಎಂಬ ಹೆಸರಿನಲ್ಲಿ ಹಾಡಿಯವರು, ಅವರ ಹೆಂಡಿರು ಮಕ್ಕಳು. ಅರಮನೆಯ ಆವರಣದಲ್ಲಿ ತಗಡಿನ ಶೆಡ್ಡು. ಹಬ್ಬ ಮುಗಿದರೆ ಲಾರಿ ಹತ್ತಿ ವಾಪಸು. ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಕಾಡಾನೆಯ ತಿವಿತಕ್ಕೆ ಸತ್ತಾಗ ನಾಡೇ ಅತ್ತಿತು. ಅಳಬೇಕಾದದ್ದೇ, ಆ ಆನೆ ಎಚ್.ಡಿ. ಕೋಟೆಯ ಬಳ್ಳೆಯ ಶಿಬಿರದ್ದು, ನಮ್ಮದೇ. ಆದರೆ ಅದಕ್ಕೂ ಹಿಂದಿನ ವರ್ಷ, 2022ರ ಅಕ್ಟೋಬರಿನಲ್ಲಿ, ಇದೇ ಎಚ್.ಡಿ. ಕೋಟೆ ಕಡೆಯ ಒಬ್ಬ ಜೇನು ಕುರುಬ ಜಿಂಕೆ ಮಾಂಸದ ಆರೋಪದ ಮೇಲೆ ಅರಣ್ಯ ಸಿಬ್ಬಂದಿಯ ವಶದಲ್ಲಿದ್ದಾಗ ಸತ್ತ. ಸಿಬ್ಬಂದಿಯ ಮೇಲೆ ಕೊಲೆ ಮೊಕದ್ದಮೆ ದಾಖಲಾಯಿತು. 2021ರ ಡಿಸೆಂಬರಿನಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ರಾಣಿಗೇಟ್ ಹಾಡಿಯವನೊಬ್ಬನಿಗೆ ಗಾರ್ಡಿನ ಕೋವಿಯ ಗುಂಡು ಬಿತ್ತು. ಇವರಿಗಾಗಿ ಅಳಲು ನಾಡಿನ ಕಣ್ಣಲ್ಲಿ ನೀರು ಉಳಿದಿರಲಿಲ್ಲವೇ? ಆನೆಗೆ ಸ್ಮಾರಕ ಆಗಲಿ. ಆನೆ ಕಾದವನಿಗೆ ಕಡೇಪಕ್ಷ ಜೀವ ಉಳಿಯಲಿ.

ಈಗ ಮತ್ತೆ ಅಮೆರಿಕದ ಮಾತಿಗೆ ಬರೋಣ. ಯಾಕೆಂದರೆ ಈ ಗೇಟಿನ ಬೀಗ ತಯಾರಾದದ್ದೇ ಅಲ್ಲಿ. ಮನುಷ್ಯರಿಲ್ಲದ ಕಾಡೇ ನಿಜವಾದ ಕಾಡು, ಅದಕ್ಕೆ ಬೇಲಿ ಹಾಕಿ ನೋಡಲು ಬಂದವರಿಗೆ ತೋರಿಸಬೇಕು ಎಂಬ 'ರಾಷ್ಟ್ರೀಯ ಉದ್ಯಾನ'ದ ಕಲ್ಪನೆ 1872ರಲ್ಲಿ ಅಮೆರಿಕದ ಯೆಲ್ಲೊಸ್ಟೋನ್‌ನಲ್ಲಿ ಕಾನೂನಾಯಿತು. ಅಲ್ಲಿ ಬದುಕಿದ್ದ ಶೊಶೋನಿ ಜನರನ್ನು ಹೊರಗೆ ಹಾಕಿದ ಮೇಲೆ 'ಇಲ್ಲಿ ಯಾರೂ ಇರಲೇ ಇಲ್ಲ' ಎಂಬ ಕತೆ ಕಟ್ಟಿದರು.

ಪ್ರವಾಸ ಕಥನಗಳಲ್ಲಿ ಬರುವ ಆ ಹಿಮದ ಊರುಗಳನ್ನೇ ತೆಗೆದುಕೊಳ್ಳಿ. ಮಿನಿಯಾಪೊಲಿಸ್ ಎಂಬ ಹೆಸರಿನ ಮೊದಲ ತುಂಡು ಡಕೋಟಾ ಜನರ ಮಾತು, ನೀರು ಎಂದು ಅರ್ಥ. ನೀರಿನ ಹೆಸರು ಇಟ್ಟುಕೊಂಡರು, ನೀರಿನವರನ್ನು ಓಡಿಸಿದರು. 1862ರಲ್ಲಿ ಕೊಡಬೇಕಾದ ದುಡ್ಡು ಕೊಡದೆ, ಕಾಳು ಕೊಡದೆ ಹಸಿವಿಗೆ ದೂಡಿದಾಗ ಡಕೋಟಾದವರು ತಿರುಗಿಬಿದ್ದರು. ಸೋತರು. ಆ ವರ್ಷದ ಡಿಸೆಂಬರ್ 26ರಂದು, ಕ್ರಿಸ್‌ಮಸ್ಸಿನ ಮಾರನೇ ದಿನ, ಮ್ಯಾಂಕಾಟೊ ಎಂಬ ಊರಿನಲ್ಲಿ 38 ಮಂದಿಯನ್ನು ಒಂದೇ ಅಟ್ಟಣಿಗೆಯ ಮೇಲೆ ಗಲ್ಲಿಗೆ ಹಾಕಿದರು. ಆ ಪಟ್ಟಿಗೆ ಒಪ್ಪಿಗೆ ಕೊಟ್ಟ ಅಧ್ಯಕ್ಷ ಯಾರು ಗೊತ್ತೇ? ನಮ್ಮ ಶಾಲೆಗಳ ಗೋಡೆಯ ಮೇಲಿರುವ ಅಬ್ರಹಾಂ ಲಿಂಕನ್. ಉಳಿದ ಸುಮಾರು 1,600 ಮಂದಿಯನ್ನು, ಬಹುಪಾಲು ಹೆಂಗಸರು, ಮಕ್ಕಳು, ಮುದುಕರನ್ನು, ಆ ಚಳಿಗಾಲವಿಡೀ ಫೋರ್ಟ್ ಸ್ನೆಲ್ಲಿಂಗ್ ಕೋಟೆಯ ಕೆಳಗೆ ಬೇಲಿಯೊಳಗೆ ಕೂಡಿಹಾಕಿದರು. ಚಳಿಗೆ, ರೋಗಕ್ಕೆ ನೂರಾರು ಮಂದಿ ಸತ್ತರು. ಇಂದು ಆ ಕೋಟೆಯ ಪಕ್ಕದಲ್ಲೇ ಮಿನಿಯಾಪೊಲಿಸ್‌ನ ವಿಮಾನ ನಿಲ್ದಾಣವಿದೆ. ಗೆಳೆಯನ ಮನೆಗೆಂದು ಚಳಿಗಾಲದಲ್ಲಿ ಹೋಗಿ ಇಳಿಯುವ ನಮ್ಮವರು ಇಳಿಯುವುದು ಆ ನೆಲದ ಪಕ್ಕದಲ್ಲೇ. ಯಾವ ಪ್ರವಾಸ ಕಥನದಲ್ಲೂ ಅದು ಯಾಕೆ ನಮ್ಮ ಕಣ್ಣಿಗೆ ಬೀಳುವುದಿಲ್ಲ? ಕಬಿನಿಯಲ್ಲಿ ದೋಣಿ ಕೆಳಗಿನ ಒಲೆ ಕಾಣದ ಕಣ್ಣಿಗೆ ಅಲ್ಲಿ ಹಿಮದ ಕೆಳಗಿನ ಎಲುಬು ಎಲ್ಲಿಂದ ಕಾಣಬೇಕು!

ಆದರೆ ಅದೇ ಊರು ಇನ್ನೊಂದು ಪಾಠವನ್ನೂ ಕಲಿಸುತ್ತದೆ. 1950ರ ದಶಕದಲ್ಲಿ ಅಮೆರಿಕದ ಸರ್ಕಾರ ಆದಿವಾಸಿಗಳನ್ನು ಅವರ ಮೀಸಲು ನೆಲದಿಂದ ಎಬ್ಬಿಸಿ ಶಿಕಾಗೊ, ಮಿನಿಯಾಪೊಲಿಸ್‌ನಂಥ ನಗರಗಳಿಗೆ ಸಾಗಿಸುವ ಯೋಜನೆ ಹಾಕಿತು. ಕೈಗೆ ಹೋಗುವ ಟಿಕೆಟ್ಟು ಕೊಟ್ಟರು, ಬರುವ ಟಿಕೆಟ್ಟು ಕೊಡಲಿಲ್ಲ. ನಗರದಲ್ಲಿ ಕರಗಿ ಕಾಣೆಯಾಗಲಿ ಎಂಬ ಲೆಕ್ಕಾಚಾರ. ಲೆಕ್ಕ ತಪ್ಪಿತು. ನಗರದ ಕೊಳೆಗೇರಿಯಲ್ಲಿ ಬೇರೆ ಬೇರೆ ಬುಡಕಟ್ಟಿನವರು ಒಬ್ಬರನ್ನೊಬ್ಬರು ಕಂಡುಕೊಂಡರು. ಒಬ್ಬರ ಮನೆಗೆ ಒಬ್ಬರು ಹೋಗಿ ಕೂತರು. 1968ರಲ್ಲಿ ಮಿನಿಯಾಪೊಲಿಸ್‌ನಲ್ಲೇ 'ಅಮೆರಿಕನ್ ಇಂಡಿಯನ್ ಮೂವ್‌ಮೆಂಟ್' ಹುಟ್ಟಿತು. ಬೀದಿಯಲ್ಲಿ ಪೊಲೀಸರ ಹೊಡೆತ ತಡೆಯುವುದೇ ಅವರ ಮೊದಲ ಕೆಲಸ. ಇಲ್ಲಿ 1972ರಲ್ಲಿ ಮುಂಬಯಿಯ ದಲಿತ ತರುಣರು ಅಮೆರಿಕದ ಕರಿಯರ ಸಂಘಟನೆಯ ಹೆಸರಿನಿಂದ 'ಪ್ಯಾಂಥರ್' ಎಂಬ ಹೆಸರು ತಂದುಕೊಂಡರು. ತುಳಿತಕ್ಕೊಳಗಾದವರು ಒಬ್ಬರ ಮನೆಗೆ ಒಬ್ಬರು ನೆಂಟರಾಗಿ ಹೋದಾಗಲೆಲ್ಲ ಚರಿತ್ರೆ ಸ್ವಲ್ಪ ಅಲುಗಾಡಿದೆ. ಅದಕ್ಕೇ ನೋಡಿ, ಆಳುವವರಿಗೆ ನೆಂಟಸ್ತಿಕೆ ಕಂಡರೆ ಭಯ. ಅದಕ್ಕೇ ಗೇಟು.

ನಮ್ಮಲ್ಲೂ ಅಲುಗಾಡಿದ ದಿನಗಳಿವೆ. ನಾಗರಹೊಳೆಯ ಮೂರ್ಕಲ್‌ನಲ್ಲಿ ಇಲಾಖೆಯ ಕಟ್ಟಡಗಳನ್ನು ತಾಜ್ ಹೋಟೆಲ್ ಗುಂಪಿಗೆ ಗುತ್ತಿಗೆ ಕೊಟ್ಟು ಕಾಡಿನ ಒಳಗೇ ಹೋಟೆಲು ಮಾಡಹೊರಟರು. ಹುಲಿಗೆ ತೊಂದರೆ ಎಂದು ಯಾರ ಗುಡಿಸಲು ಕೀಳುತ್ತಿದ್ದರೋ ಅವರೇ 'ನಾಗರಹೊಳೆ ಬುಡಕಟ್ಟು ಹಕ್ಕು ಸ್ಥಾಪನಾ ಸಮಿತಿ' ಕಟ್ಟಿಕೊಂಡು ರಸ್ತೆಯಲ್ಲೂ ನಿಂತರು, ಹೈಕೋರ್ಟಿನಲ್ಲೂ ನಿಂತರು. 1997ರಲ್ಲಿ ಹೈಕೋರ್ಟು ಆ ಗುತ್ತಿಗೆ ಅರಣ್ಯ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎಂದು ಹೇಳಿತು. ನೆನಪಿಡಿ, ಆ ಕಾಡನ್ನು ಹೋಟೆಲಿನಿಂದ ಉಳಿಸಿದವರು ಆ ಕಾಡಿನ ಆದಿವಾಸಿಗಳು. 2025ರ ಮೇ 5ರಂದು 52 ಜೇನು ಕುರುಬ ಕುಟುಂಬಗಳು ಕೊಡಗಿನ ಕಡೆಯ ಕರಡಿಕಲ್ಲು ಅತ್ತೂರು ಕೊಲ್ಲಿಗೆ ವಾಪಸು ನಡೆದವು. ಹಿರಿಯರನ್ನು ಅಲ್ಲಿಂದ ಎಬ್ಬಿಸಿ ದಶಕಗಳೇ ಕಳೆದಿದ್ದವು. ಪೊಲೀಸರು ಬಂದರು, ಇಲಾಖೆಯವರು ಬಂದರು. ಅವರು ಹೇಳಿದ್ದು ಬೇರೇನಲ್ಲ, ನಾವು ನಮ್ಮ ಮನೆಗೆ ಬಂದಿದ್ದೇವೆ ಎಂದು.

'ಹಾಗಾದರೆ ಹುಲಿ ಬದುಕಬೇಡವೇ?' ಪೇಟೆಯ ಪರಿಸರವಾದಿಗಳು ತಪ್ಪದೆ ಕೇಳುವ ಪ್ರಶ್ನೆ ಇದು. ಬದುಕಲಿ. ಆದರೆ ಹುಲಿಗೆ ಹಾಡಿಯ ಹೊಗೆ ತೊಂದರೆ, ನೂರಾರು ಜೀಪಿನ ಹೊಗೆ ತೊಂದರೆಯಲ್ಲ ಎನ್ನುವ ಶಾಸ್ತ್ರ ಯಾವುದು? ಜೇನು ತೆಗೆಯಲು ಹೋದವನ ಬರಿಗಾಲು ಕಾಡು ಕೆಡಿಸುತ್ತದೆ, ಹಿನ್ನೀರಿನ ಸುತ್ತ ಏಳುವ ರೆಸಾರ್ಟಿನ ದೀಪ ಕೆಡಿಸುವುದಿಲ್ಲವೇ? 2025ರ ಅಕ್ಟೋಬರ್, ನವೆಂಬರಿನಲ್ಲಿ ಸರಗೂರು ಕಡೆ ಹುಲಿ ದಾಳಿಗೆ ಬಡ ರೈತರು ಸತ್ತರು. ಜನ ರೊಚ್ಚಿಗೆದ್ದ ಮೇಲೆ ಸರ್ಕಾರ ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ನಿಲ್ಲಿಸಿ, ಸಿಬ್ಬಂದಿಯನ್ನೂ ವಾಹನವನ್ನೂ ಹುಲಿ ಹಿಡಿಯುವ ಕೆಲಸಕ್ಕೆ ಹಾಕಿತು. ಅಂದರೆ ಅಲ್ಲಿವರೆಗೆ ಆ ಸಿಬ್ಬಂದಿ, ಆ ವಾಹನ ಯಾರ ಸೇವೆಯಲ್ಲಿದ್ದವು? ಉತ್ತರವನ್ನು ಸರ್ಕಾರವೇ ಕೊಟ್ಟಹಾಗಾಯಿತು. ಹೊಲದ ಬದುವಿನಲ್ಲಿ ಸತ್ತ ಒಕ್ಕಲಿಗನೂ, ಕಾಡಿನ ಗೇಟಿನಲ್ಲಿ ಒದೆ ತಿಂದ ಕುರುಬನೂ ಒಂದೇ ಅಟ್ಟಣಿಗೆಯ ಕೆಳಗಿರುವವರು ಎಂಬುದು ಇಬ್ಬರಿಗೂ ತಿಳಿಯಬಾರದೆಂದೇ ಒಬ್ಬರ ಮೇಲೆ ಒಬ್ಬರನ್ನು ಎತ್ತಿಕಟ್ಟುತ್ತಾರೆ.

ಬಯಲು ಸೀಮೆಯವರಿಗೂ ಒಂದು ಮಾತಿದೆ. ಕೆ.ಆರ್. ನಗರದ ಕಡೆ ಭತ್ತದ ಕುಯ್ಲು ಮುಗಿದು ಸಂಕ್ರಾಂತಿ ಬಂದರೆ ಚುಂಚನಕಟ್ಟೆ ಜಾತ್ರೆ. ಮನೆಮನೆಗೂ ನೆಂಟರು, ಸೊಗಡಿನ ಅವರೆಕಾಳು, ಎಳ್ಳು ಬೆಲ್ಲ. ಆ ಭತ್ತ ಕುಯ್ದ ಹೊಲೆಯರ, ಮಾದಿಗರ ಮನೆಯವರು ಆ ಹಬ್ಬದ ದಿನ ಆ ಮನೆಯ ಯಾವ ಜಾಗದಲ್ಲಿ ಕೂತು ಉಣ್ಣುತ್ತಾರೆ? ಎಷ್ಟೋ ಊರಿನಲ್ಲಿ ಉತ್ತರ ಇನ್ನೂ ಹಿತ್ತಿಲಿನಲ್ಲೇ ಇದೆ. ಅಲ್ಲಿ ಗೇಟಿಗೆ ಗಾರ್ಡು ಬೇಕಿಲ್ಲ, ಜಾತಿಯೇ ಗಾರ್ಡು. ಇನ್ನು ಅದೇ ಹಿತ್ತಿಲಿನಿಂದ ಎದ್ದು ಬಂದು ಮೇಷ್ಟ್ರಾದ, ಗುಮಾಸ್ತನಾದ ನಮ್ಮ ತಮ್ಮಂದಿರು ಹಾಡಿಯ ಶಾಲೆಗೆ ವರ್ಗವಾದರೆ 'ನೀರಿಲ್ಲದ ಜಾಗಕ್ಕೆ ಹಾಕಿಬಿಟ್ಟರು' ಎಂದು ಗೋಳಾಡುವುದು ಬಿಡಬೇಕು. ನಿಮಗೆ ಸಿಕ್ಕಿರುವುದು ಶಿಕ್ಷೆಯಲ್ಲ ತಮ್ಮಾ, ನೆಂಟಸ್ತಿಕೆ. ಶಾಲೆ ಬಿಟ್ಟ ಮೇಲೆ ಒಂದು ಸಂಜೆ ಹಾಡಿಯಲ್ಲೇ ಉಳಿ. ಅವರು ಕೊಟ್ಟ ಗೆಡ್ಡೆ ತಿನ್ನು. ಅವರು ಹೇಳುವುದನ್ನು ಬರೆದುಕೋ.

ಬರೆದುಕೋ ಎಂದದ್ದು ಕತೆ ಕಾದಂಬರಿಗಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಈ ದೇಶದ ಕಾನೂನು. ರಾಷ್ಟ್ರೀಯ ಉದ್ಯಾನವೂ, ಅಭಯಾರಣ್ಯವೂ ಅದರ ವ್ಯಾಪ್ತಿಯಲ್ಲಿವೆ. ಹಕ್ಕಿನ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಎಬ್ಬಿಸುವ ಹಾಗಿಲ್ಲ ಎಂದು ನಾಲ್ಕನೇ ಕಲಂ ಹೇಳುತ್ತದೆ. 2005ರ ಡಿಸೆಂಬರ್ 13ಕ್ಕೂ ಮೊದಲು ಪುನರ್ವಸತಿ ಕೊಡದೆ ಕಾನೂನುಬಾಹಿರವಾಗಿ ಎಬ್ಬಿಸಿದ್ದರೆ, ಇದ್ದ ಜಾಗದಲ್ಲೇ ಪುನರ್ವಸತಿ ಅಥವಾ ಬದಲಿ ನೆಲ ಪಡೆಯುವ ಹಕ್ಕಿದೆ ಎಂದು ಮೂರನೇ ಕಲಂ ಹೇಳುತ್ತದೆ. ಸಾಕ್ಷಿ ಏನು? ಪಹಣಿ ಬೇಕಾಗಿಲ್ಲ, ರಾಜರ ಸನ್ನದು ಬೇಕಾಗಿಲ್ಲ. ಹಳೆಯ ಬಾವಿ ಸಾಕ್ಷಿ. ದೇವರ ಜಾಗ ಸಾಕ್ಷಿ. ಹೆಣ ಹೂತ ಜಾಗ ಸಾಕ್ಷಿ. ಅರ್ಜಿದಾರನಲ್ಲದ ಹಿರಿಯನೊಬ್ಬ ಬಾಯಲ್ಲಿ ಹೇಳಿದ್ದನ್ನು ಬರೆದಿಟ್ಟರೆ ಅದೂ ಸಾಕ್ಷಿ. ನಿಯಮ 13ನ್ನು ತೆಗೆದು ಓದಿ. ಅಜ್ಜಿಯ ಗೋರಿಯ ಹತ್ತಿರ ಮೊಮ್ಮಗಳು ಹೋಗದ ಹಾಗೆ ಗೇಟು ಯಾಕೆ ಬೇಕು ಎಂಬುದು ಈಗ ಅರ್ಥವಾಯಿತೇ? ಆ ಗೋರಿ ಬರೀ ಗೋರಿಯಲ್ಲ, ದಾಖಲೆ. ಅವಳ ಭೇಟಿ ಬರೀ ಭೇಟಿಯಲ್ಲ, ಹಕ್ಕು ಸಾಧನೆ.

ಆದ್ದರಿಂದ ಸಂಘಟನೆಯ ಗೆಳೆಯರಲ್ಲಿ, ವಿದ್ಯಾರ್ಥಿಗಳಲ್ಲಿ, ಹಳ್ಳಿಯ ಮೇಷ್ಟ್ರುಗಳಲ್ಲಿ ನಮ್ಮ ಕರೆ ಇಷ್ಟು. ಈ ಚಳಿಗಾಲದ ಶನಿವಾರ ಭಾನುವಾರಗಳನ್ನು ಹಾಡಿಗಳಿಗೆ ಕೊಡಿ. ಉಪದೇಶ ಮಾಡಲು ಹೋಗಬೇಡಿ, ನೆಂಟರಾಗಿ ಹೋಗಿ. ಪಂಚಾಯಿತಿ ಕಚೇರಿಯಲ್ಲಿ ಕೂತು ಹತ್ತು ಹಳ್ಳಿಗೆ ಒಂದೇ ಗ್ರಾಮಸಭೆ ಮಾಡಿ ಮುಗಿಸುವುದನ್ನು ಒಪ್ಪಬೇಡಿ, ಹಾಡಿಯಲ್ಲೇ ಗ್ರಾಮಸಭೆ ಕರೆಸಿ. ಅರಣ್ಯ ಹಕ್ಕು ಸಮಿತಿಯಲ್ಲಿ ಮೂರರಲ್ಲಿ ಎರಡು ಪಾಲು ಪರಿಶಿಷ್ಟ ಪಂಗಡದವರು, ಮೂರರಲ್ಲಿ ಒಂದು ಪಾಲು ಹೆಂಗಸರು ಇರಲೇಬೇಕು, ಎಣಿಸಿ ನೋಡಿ. ಒಬ್ಬೊಬ್ಬರ ಹಕ್ಕಿಗೆ ನಮೂನೆ ಎ, ಸಮುದಾಯದ ಹಕ್ಕಿಗೆ ನಮೂನೆ ಬಿ, ಕಾಡನ್ನು ಕಾಯುವ ಆಳುವ ಹಕ್ಕಿಗೆ ನಮೂನೆ ಸಿ. ಅಧಿಕಾರಿಗಳು ಎ ಒಂದನ್ನೇ ಕೊಟ್ಟು ಕಳಿಸಿದರೆ, ಬಿ ಮತ್ತು ಸಿ ಎಲ್ಲಿ ಸ್ವಾಮಿ ಎಂದು ಕೇಳಿ. ಅರ್ಜಿ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ಅರವತ್ತು ದಿನದೊಳಗೆ ಮೇಲ್ಮನವಿ ಹಾಕಿ. ಮುದುಕರ ಹೇಳಿಕೆಗಳನ್ನು ಅವರು ಬದುಕಿರುವಾಗಲೇ ಬರೆದುಕೊಳ್ಳಿ. ಪ್ರತಿ ಚಳಿಗಾಲವೂ ಒಬ್ಬಿಬ್ಬರು ಸಾಕ್ಷಿಗಳನ್ನು ಮಣ್ಣಿಗೆ ಕೊಡುತ್ತಿದ್ದೇವೆ.

ಶಿಕಾಗೊದಿಂದ, ಬೆಂಗಳೂರಿನಿಂದ ಬರುವ ಗೆಳೆಯರಿಗೂ ಬಾಗಿಲು ಮುಚ್ಚಿಲ್ಲ. ಬನ್ನಿ. ಆದರೆ ಮನೆಗೆ ಬರುವ ನೆಂಟ ಮೊದಲು ಯಜಮಾನ ಯಾರು ಎಂದು ಕೇಳಿ, ಅವನ ಅಪ್ಪಣೆ ಪಡೆದು ಒಳಗೆ ಬರಬೇಕು. ಇದು ಹಳ್ಳಿಯ ಮಕ್ಕಳಿಗೂ ಗೊತ್ತಿರುವ ರೀತಿ. ಈ ಕಾಡಿನ ಯಜಮಾನ ರೆಸಾರ್ಟಿನ ಮಾಲೀಕನಲ್ಲ, ರೇಂಜರನಲ್ಲ, ಅರಮನೆಯವರೂ ಅಲ್ಲ. ಯಾರೆಂದು ಕಾನೂನೇ ಬರೆದಿಟ್ಟಿದೆ. ಇನ್ನು ಉಳಿದಿರುವುದು ಆ ಬರಹವನ್ನು ಗೇಟಿನ ಮೇಲೆ ತೂಗುಹಾಕುವ ಕೆಲಸ. ಅದನ್ನು ಅವರ ಜೊತೆ ನಿಂತು ನಾವೇ ಮಾಡಬೇಕು.